ರೋವರ್ಸ್ ಕಪ್ ಬೆಂಗಳೂರಿಗೆ ಬಂದ ವರ್ಷ

ಭಾಗ 1

(ಫೋಟೋ: ನಮ್ಮ ಗ್ರೌಂಡು. ಹಿಂದೆ ಮಧುಗಿರಿ ಬೆಟ್ಟ. ಗೋಲ್ ಪೋಸ್ಟ್ ಥರ ಕಾಣ್ತಿರೋದು ನಮ್ಮ ಕಾಲೇಜ್ ಬ್ಯಾಗುಗಳು.)

"ಫುಟ್‌ಬಾಲ್ ನಮ್ಮ ಕಡೆ ಆಟ ಅಲ್ಲ ಕಣ್ರೋ. ಅದೇನಿದ್ರೂ ಕಲ್ಕತ್ತಾದವ್ರದ್ದು, ಗೋವಾದವ್ರದ್ದು, ಕೇರಳದವ್ರದ್ದು."

ಮಧುಗಿರಿ ಬಸ್ ಸ್ಟ್ಯಾಂಡ್ ಹತ್ರ ಟೀ ಕುಡೀತಾ ನಮ್ಮ ಸೀನಿಯರ್ ಅಣ್ಣ ಒಬ್ರು ಹೇಳಿದ ಮಾತಿದು. ಬೈದಿದ್ದಲ್ಲ, ಪ್ರೀತಿಯಿಂದಾನೇ ಹೇಳಿದ್ದು. ಆದ್ರೆ ನಂಗೆ ಆ ರಾತ್ರಿ ನಿದ್ದೆ ಬರ್ಲಿಲ್ಲ. ಯಾಕಂದ್ರೆ ಮುಂದಿನ ವಾರ ಕಾಲೇಜಲ್ಲಿ ಸ್ಪೋರ್ಟ್ಸ್ ದುಡ್ಡು ಹಂಚೋ ಮೀಟಿಂಗು. ಈ ವರ್ಷ ಫುಟ್‌ಬಾಲ್ ಟೀಮ್ ಕಳಿಸ್ಬೇಕಾ ಬೇಡ್ವಾ ಅಂತ ಅಲ್ಲೇ ತೀರ್ಮಾನ. ಬಿಕಾಂ ಓದ್ತೀಯಲ್ಲ, ಲೆಕ್ಕ ಗೊತ್ತಿರುತ್ತೆ, ಅರ್ಜಿ ನೀನೇ ಬರಿ ಅಂತ ಹುಡುಗ್ರು ನನ್ ತಲೆಗೆ ಕಟ್ಟಿದ್ದಾರೆ.

ಹೋದ ವರ್ಷದ ಕಥೆ ಗೊತ್ತಿರೋರಿಗೆ ಗೊತ್ತು. ಅಂತರ ಕಾಲೇಜು ಟೂರ್ನಿ, ಮೊದಲನೇ ಮ್ಯಾಚು, 8-0. ಎಂಟು ನಮ್ದಲ್ಲ. ಮಧುಗಿರಿಯೋರು ಐದು ಜನ, ಕೊರಟಗೆರೆಯೋರು ನಾಲ್ಕು, ಶಿರಾದೋರು ಮೂರು, ಪಾವಗಡದೋರು ಇಬ್ರು. ಹದಿನಾಲ್ಕು ಜನ ಒಟ್ಟಿಗೆ ಪ್ರಾಕ್ಟೀಸ್ ಮಾಡಿದ್ದು ಎಣಿಸಿ ನಾಲ್ಕು ದಿನ. ಇಬ್ರು ಕ್ಯಾನ್ವಾಸ್ ಶೂನಲ್ಲಿ ಆಡಿದ್ರು. ಲೆಫ್ಟ್ ಬ್ಯಾಕ್ ನಾನು. ಎಂಟರಲ್ಲಿ ಮೂರು ನನ್ ಕಡೆಯಿಂದಾನೇ ಹೋಗಿದ್ದು, ಮುಚ್ಚಿಡೋದೇನಿದೆ.

ಸೋಲು ಒಪ್ಕೋತೀನಿ. "ನಮ್ಮ ಕಡೆ ಆಟ ಅಲ್ಲ" ಅನ್ನೋದನ್ನ ಮಾತ್ರ ಒಪ್ಕೊಳೋಕೆ ಆಗ್ಲಿಲ್ಲ. ಹುಡುಕ್ತಾ ಕೂತೆ. ಸಿಕ್ಕಿದ್ದನ್ನ ಇಲ್ಲಿ ಹಾಕ್ತಾ ಹೋಗ್ತೀನಿ. ಉದ್ದ ಆಗುತ್ತೆ, ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ಭಾಗ 2

(ಫೋಟೋ: ನನ್ನ ನೋಟ್‌ಬುಕ್ಕು. ಅಕೌಂಟ್ಸ್ ಪುಟದ ಹಿಂದೆ ಬರೆದಿರೋ ಇಸವಿಗಳು.)

ಮೊದಲು ಮೂರು ಹೆಸರು ನೆನಪಿಟ್ಕೊಳಿ. ಡುರಾಂಡ್ ಕಪ್, ರೋವರ್ಸ್ ಕಪ್, ಐಎಫ್ಎ ಶೀಲ್ಡ್. ಡುರಾಂಡ್ ಶಿಮ್ಲಾದಲ್ಲಿ 1888ರಲ್ಲಿ ಶುರುವಾಯ್ತು. ರೋವರ್ಸ್ ಮುಂಬೈನಲ್ಲಿ, 1891. ಶೀಲ್ಡ್ ಕಲ್ಕತ್ತಾದಲ್ಲಿ, 1893. ಮೂರೂ ಶುರುವಾಗಿದ್ದು ಬ್ರಿಟಿಷರಿಂದ, ಹೆಚ್ಚುಕಮ್ಮಿ ಅವರಿಗೋಸ್ಕರಾನೇ. ಇಲ್ಲಿಗೆ ಬಂದ ರೆಜಿಮೆಂಟುಗಳಿಗೆ ಸಂಜೆ ಹೊತ್ತು ಏನಾದ್ರೂ ಬೇಕಿತ್ತಲ್ಲ. ರೋವರ್ಸ್ ಕಪ್ಪನ್ನ ಮೊದಲ ಸಲ ಗೆದ್ದಿದ್ದು ವೂಸ್ಟರ್ ರೆಜಿಮೆಂಟು. ಅದಾದ್ಮೇಲೆ ವರ್ಷ ವರ್ಷಾನೂ ಯಾವುದಾದ್ರೂ ಬ್ರಿಟಿಷ್ ಪಡೆಯ ಹೆಸರೇ.

ಮಧ್ಯೆ ಒಂದು ದೊಡ್ಡ ದಿನ ಬಂತು. 1911ರ ಜುಲೈ 29. ಕಲ್ಕತ್ತಾದ ಮೋಹನ್ ಬಗಾನ್, ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನ 2-1ರಿಂದ ಸೋಲಿಸ್ತು. ಹನ್ನೊಂದು ಜನರಲ್ಲಿ ಹತ್ತು ಜನ ಬರಿಗಾಲಲ್ಲಿ ಆಡಿದ್ದು. ಇದು ಎಲ್ಲರಿಗೂ ಗೊತ್ತಿರೋ ಕಥೆ, ಕ್ವಿಜ್‌ನಲ್ಲೂ ಕೇಳ್ತಾರೆ. ಅದೇ ಮೋಹನ್ ಬಗಾನ್ 1923ರಲ್ಲಿ ಮುಂಬೈಗೆ ಬಂದು ರೋವರ್ಸ್ ಫೈನಲ್ ಮುಟ್ಟಿ, ಡರ್ಹಮ್ ಲೈಟ್ ಇನ್‌ಫೆಂಟ್ರಿ ಮುಂದೆ 4-1ರಿಂದ ಸೋತಿದ್ದನ್ನ ಯಾರೂ ಕೇಳಲ್ಲ.

ಅಂದ್ರೆ 1911ರಲ್ಲಿ ಒಂದು ಬಾಗಿಲು ಮುರೀತು ನಿಜ, ಆದ್ರೆ ರೋವರ್ಸ್‌ನ ಬಾಗಿಲು ಹಾಗೇ ಇತ್ತು. ಅದನ್ನ ಕೊನೆಗೆ ತೆಗೆದೋರು ಕಲ್ಕತ್ತಾದವ್ರಲ್ಲ, ಗೋವಾದವ್ರಲ್ಲ, ಕೇರಳದವ್ರಲ್ಲ.

ಭಾಗ 3

(ಫೋಟೋ: ಹಲಸೂರಿನ ಗೌತಮಪುರ. ಪೆಲೆ ಪ್ರತಿಮೆ ಮುಂದೆ ನಾನು. ಕಣ್ಣು ಮುಚ್ಚಿರೋದು ಬಿಸಿಲಿಗೆ.)

1937. ಬೆಂಗಳೂರು ಮುಸ್ಲಿಮ್ಸ್.

ಇದು ಕ್ಲಬ್ಬಿನ ಹೆಸರು. ಆ ಕಾಲದಲ್ಲಿ ಟೀಮ್ ಕಟ್ತಿದ್ದೇ ಹಾಗೆ, ಒಂದೊಂದು ಕೇರಿ, ಒಂದೊಂದು ಸಮುದಾಯ. ಮುಂಬೈ ಕ್ರಿಕೆಟ್‌ನಲ್ಲೂ ಹಿಂದೂಗಳು, ಪಾರ್ಸಿಗಳು, ಮುಸ್ಲಿಮರು, ಯುರೋಪಿಯನ್ನರು ಅಂತಾನೇ ತಂಡಗಳು ಆಡ್ತಿದ್ವು. ಈಗಿನ ಕಣ್ಣಲ್ಲಿ ನೋಡಿ ತಪ್ಪು ತಿಳ್ಕೋಬೇಡಿ.

ಈ ಹುಡುಗ್ರು ಆಟ ಕಲ್ತಿದ್ದೆಲ್ಲಿ? ಕಂಟೋನ್ಮೆಂಟ್‌ನಲ್ಲಿ. ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಪಡೆಗೆ ಅಲ್ಲಿಯ ಹವಾ ಒಗ್ಗಲಿಲ್ಲ, ಜ್ವರಕ್ಕೆ ಬೀಳ್ತಿದ್ರು. ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಬೆಂಗಳೂರಿಗೆ ಬಂದ್ರು. ಪೇಟೆ ಕಡೆ ಮಹಾರಾಜರ ಆಡಳಿತ, ಕಂಟೋನ್ಮೆಂಟ್ ಕಡೆ ಬ್ರಿಟಿಷರದು. 1881ರಲ್ಲಿ ರಾಜ್ಯವನ್ನ ಒಡೆಯರಿಗೆ ವಾಪಸ್ ಕೊಟ್ಟಾಗಲೂ ಕಂಟೋನ್ಮೆಂಟ್ ಬಿಟ್ಕೊಡ್ಲಿಲ್ಲ. ಅದು ನಮಗೆ ಪೂರ್ತಿ ಬಂದಿದ್ದು 1947ರಲ್ಲಿ. ಒಂದೇ ಊರು, ಎರಡು ಸರ್ಕಾರ.

ಪಡೆ ಅಂದ್ರೆ ಬರೀ ಸಿಪಾಯಿಗಳಲ್ಲ. ಅಡುಗೆಯೋರು, ದರ್ಜಿಗಳು, ಚಮ್ಮಾರರು, ಕುದುರೆ ನೋಡ್ಕೊಳೋರು, ಬಟ್ಟೆ ಒಗೆಯೋರು. ತಮಿಳು, ಉರ್ದು, ತೆಲುಗು, ಇಂಗ್ಲಿಷ್ ಎಲ್ಲಾ ಕಲೆತ ಬೀದಿಗಳು. ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್, ಮರ್ಫಿ ಟೌನ್. ಸೋಲ್ಜರ್‌ಗಳು ಸಂಜೆ ಪರೇಡ್ ಮೈದಾನದಲ್ಲಿ ಬಾಲ್ ಒದೀತಿದ್ರೆ ಈ ಬೀದಿ ಮಕ್ಕಳು ಸುತ್ತ ನಿಂತು ನೋಡೋರು. ಹೊರಗೆ ಹೋದ ಬಾಲ್ ತಂದು ಕೊಡೋರು. ಆಮೇಲೆ ತಾವೇ ಆಡೋರು. ಗೌತಮಪುರವನ್ನ ಈಗಲೂ ಮಿನಿ ಬ್ರೆಜಿಲ್ ಅಂತಾರೆ. ಪೆಲೆಗೆ ಪ್ರತಿಮೆ ಇಟ್ಟಿರೋ ಬೀದಿ ಅದು. ನಮ್ಮೂರಲ್ಲಿ ಸರ್ಕಲ್‌ಗೆ ಯಾರ ಪ್ರತಿಮೆ ಅಂತ ಜಗಳ ಆಗುತ್ತೆ, ಅಲ್ಲಿ ಪೆಲೆ!

ಭಾಗ 4

(ಫೋಟೋ ಇಲ್ಲ. ಆ ಫೈನಲ್ಲಿನ ಒಳ್ಳೆ ಫೋಟೋ ನಂಗೆ ಸಿಗ್ಲಿಲ್ಲ. ಅದಕ್ಕೇ ಕಪ್ಪು ಚೌಕ, ಮೇಲೆ ಬಿಳಿ ಅಕ್ಷರದಲ್ಲಿ 1-0.)

ಆ ಸೀಸನ್ನಿನ ಬೆಲೆ ಗೊತ್ತಾಗ್ಬೇಕು ಅಂದ್ರೆ ಎದುರಾಳಿ ಯಾರು ಅಂತ ಮೊದಲು ನೋಡ್ಬೇಕು. ಫೈನಲ್‌ನಲ್ಲಿ ಎದುರಿದ್ದಿದ್ದು ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್. ಇವರು 1934ರಲ್ಲಿ ಕಲ್ಕತ್ತಾ ಲೀಗ್ ಗೆದ್ದ ಮೊದಲ ಭಾರತೀಯ ತಂಡ. ಅಲ್ಲಿಗೆ ನಿಲ್ಲಿಸ್ಲಿಲ್ಲ. 34, 35, 36, 37, 38, ಸಾಲಾಗಿ ಐದು ವರ್ಷ ಅವರೇ. 1936ರಲ್ಲಿ ಶೀಲ್ಡ್ ಕೂಡ. ಬೇರೆ ತಂಡಗಳು ಬರಿಗಾಲಲ್ಲಿ ಕೆಸರಿನಲ್ಲಿ ಜಾರ್ತಿದ್ದಾಗ ಮಳೆ ದಿನ ಬೂಟು ಹಾಕಿ ಆಡೋ ಬುದ್ಧಿವಂತಿಕೆ ಅವರಿಗಿತ್ತು. ದೇಶದ ಬೇರೆ ಬೇರೆ ಊರಿಂದ ಆಟಗಾರರನ್ನ ಕರೆಸ್ಕೊಳ್ತಿದ್ರು, ಬೆಂಗಳೂರಿಂದ ಹೋದೋರೂ ಅವರಲ್ಲಿದ್ರು. ಈಗಿನ ಭಾಷೇಲಿ ಹೇಳೋದಾದ್ರೆ ಆ ಕಾಲದ ರಿಯಲ್ ಮ್ಯಾಡ್ರಿಡ್ಡು.

ಅಂಥವರನ್ನ ಬೆಂಗಳೂರು ಮುಸ್ಲಿಮ್ಸ್ 1-0ರಿಂದ ಸೋಲಿಸಿದ್ರು. 1891ರಿಂದ ಪರದೇಶದ ರೆಜಿಮೆಂಟುಗಳ ಕೈಯಲ್ಲೇ ಸುತ್ತುತ್ತಿದ್ದ ಕಪ್ಪು ಮೊದಲ ಸಲ ಒಂದು ಭಾರತೀಯ ತಂಡಕ್ಕೆ ಸಿಕ್ತು. ಆ ತಂಡ ನಮ್ಮ ಬೆಂಗಳೂರಿನದ್ದು. ಮೊದಲ ಸಲ ಓದಿದಾಗ ನಾನು ಎರಡು ಸಲ ಇಸವಿ ನೋಡ್ದೆ.

ಇಲ್ಲಿ ಒಬ್ಬ ಗೆಳೆಯ ಕೇಳ್ದ. "ಫೈನಲ್‌ನಲ್ಲಿ ಸೋಲಿಸಿದ್ದು ಇನ್ನೊಂದು ಭಾರತೀಯ ತಂಡಾನೇ ಅಲ್ವಾ ಮಗಾ, ಬ್ರಿಟಿಷರನ್ನಲ್ವಲ್ಲ?" ಸರಿಯಾದ ಪ್ರಶ್ನೆ. ಉತ್ತರ ಮುಂದಿನ ವರ್ಷ ಇದೆ. 1938ರಲ್ಲಿ ಅದೇ ತಂಡ ಮತ್ತೆ ಫೈನಲ್‌ಗೆ ಬಂತು. ಎದುರಿಗೆ ಆರ್ಗೈಲ್ ಅಂಡ್ ಸದರ್ಲ್ಯಾಂಡ್ ಹೈಲ್ಯಾಂಡರ್ಸ್, ಸ್ಕಾಟ್ಲೆಂಡಿನ ರೆಜಿಮೆಂಟು. ಫುಟ್‌ಬಾಲ್ ಅವರ ಮನೆ ಆಟ. ಸ್ಕೋರು 3-2. ಕಪ್ಪು ಮತ್ತೆ ಬೆಂಗಳೂರಿಗೆ.

ಒಂದು ಸಲ ಗೆದ್ರೆ ಅದೃಷ್ಟ ಅಂತಾರೆ. ಎರಡನೇ ಸಲ ಗೆದ್ರೆ ಬಾಯಿ ಮುಚ್ಕೋತಾರೆ. ನಂಗೆ 37ಕ್ಕಿಂತ 38 ಜಾಸ್ತಿ ಇಷ್ಟ.

1940ರಲ್ಲಿ ಮೊಹಮ್ಮಡನ್‌ನೋರು ಸೇಡು ತೀರಿಸ್ಕೊಂಡ್ರು, ರೋವರ್ಸ್ ಫೈನಲ್‌ನಲ್ಲಿ ಇದೇ ಬೆಂಗಳೂರು ಮುಸ್ಲಿಮ್ಸ್‌ನ 1-0ರಿಂದ ಸೋಲಿಸಿದ್ರು. ಅದೇ ವರ್ಷ ಡುರಾಂಡ್ ಕಪ್ಪನ್ನೂ ಎತ್ತಿದ್ರು. ಹಿಂಗೆ 1911ರಲ್ಲಿ ಶೀಲ್ಡು, 34ರಲ್ಲಿ ಲೀಗು, 37ರಲ್ಲಿ ರೋವರ್ಸು, 40ರಲ್ಲಿ ಡುರಾಂಡು. ಒಂದೊಂದೇ ಕೋಟೆ ಬಿತ್ತು. ಮೂರನೇ ಕೋಟೆ ಬೀಳಿಸಿದ್ದು ನಮ್ಮೋರು. 1948ರಲ್ಲಿ ಅವರು ಇನ್ನೊಂದು ಸಲ ರೋವರ್ಸ್ ಗೆದ್ರು, ಈ ಸಲ ಮೋಹನ್ ಬಗಾನ್ ಮೇಲೆ.

ಭಾಗ 5

(ಫೋಟೋ: ವಿದುರಾಶ್ವತ್ಥದ ಅರಳಿ ಕಟ್ಟೆ, ನಾಗರ ಕಲ್ಲುಗಳು.)

ಇದೇನು, ಫುಟ್‌ಬಾಲ್ ಮಧ್ಯೆ ವಿದುರಾಶ್ವತ್ಥ ಅಂತ ಕೇಳ್ತೀರ. ಇಸವಿ ನೋಡಿ. 1938ರ ಏಪ್ರಿಲ್ 25. ಗೌರಿಬಿದನೂರು ಹತ್ರ, ಅಂದ್ರೆ ನಮ್ಮ ಮಧುಗಿರಿ, ಕೊರಟಗೆರೆಗೆ ಪಕ್ಕದಲ್ಲೇ, ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ರು. ಬೆಂಗಳೂರು ಹುಡುಗರ ಮೊದಲ ರೋವರ್ಸ್ ಗೆಲುವಿಗೂ ಎರಡನೇದಕ್ಕೂ ಮಧ್ಯೆ ಬರೋ ದಿನ ಅದು.

ನಮ್ಮ ಕಡೆ ಹಿರೀಕರ ಬಾಯಲ್ಲಿ ಆ ವರ್ಷ ಅಂದ್ರೆ ವಿದುರಾಶ್ವತ್ಥ. ರೋವರ್ಸ್ ಕಪ್ ಯಾರ ಬಾಯಲ್ಲೂ ಇಲ್ಲ. ಸಹಜಾನೇ. ಇಲ್ಲಿ ರೆಜಿಮೆಂಟ್ ಇರ್ಲಿಲ್ಲ, ಪರೇಡ್ ಮೈದಾನ ಇರ್ಲಿಲ್ಲ. ನಮ್ಮಲ್ಲಿದ್ದಿದ್ದು ಗರಡಿ ಮನೆ, ಕಬಡ್ಡಿ, ಖೋ ಖೋ, ಆಮೇಲೆ ಸ್ಕೂಲುಗಳಿಂದ ಬಂದ ವಾಲಿಬಾಲು. ಆಟ ರಕ್ತದಲ್ಲಿ ಬರಲ್ಲ, ಜಾಗ ಎಷ್ಟಿದೆ ಅನ್ನೋದರ ಮೇಲೆ ಬರುತ್ತೆ.

ನಂಬಲ್ವಾ, ಲೆಕ್ಕ ಹಾಕೋಣ. ಕಬಡ್ಡಿ ಕೋರ್ಟು 13 ಮೀಟರ್ ಉದ್ದ, 10 ಅಗಲ. ವಾಲಿಬಾಲ್ 18ಕ್ಕೆ 9. ದೊಡ್ಡ ಪಂದ್ಯಗಳ ಫುಟ್‌ಬಾಲ್ ಮೈದಾನ 105ಕ್ಕೆ 68, ಅಂದ್ರೆ 7,140 ಚದರ ಮೀಟರ್. ಅದರೊಳಗೆ 54 ಕಬಡ್ಡಿ ಕೋರ್ಟಿನಷ್ಟು ಜಾಗ! ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಒಂದು ಎಕರೆ ಮೂವತ್ತು ಗುಂಟೆ. ಪಾವಗಡದಲ್ಲಿ ಅಷ್ಟು ಜಾಗ ಇದ್ರೆ ಕಡ್ಲೆಕಾಯಿ ಹಾಕ್ತಾರೆ, ಈಗ ಸೋಲಾರ್‌ಗೆ ಗುತ್ತಿಗೆ ಕೊಡ್ತಾರೆ. ಬಾಲ್ ಒದೆಯೋಕೆ ಯಾರು ಬಿಡ್ತಾರೆ? ಕಂಟೋನ್ಮೆಂಟ್‌ನಲ್ಲಿ ಆ ಜಾಗವನ್ನ ಸೈನ್ಯ ಮೊದಲೇ ಮಟ್ಟ ಮಾಡಿ ಇಟ್ಟಿತ್ತು. ಮಕ್ಕಳು ಬಾಡಿಗೆ ಕಟ್ಟದೆ ಕಲ್ತ್ರು.

ಸೀನಿಯರ್ ಅಣ್ಣನ ಮಾತಿನಲ್ಲಿ ಅರ್ಧ ಸತ್ಯ ಇದೆ ಅಂತ ಇಲ್ಲಿ ಒಪ್ಕೊಂಡೆ.

ಭಾಗ 6

(ಫೋಟೋ: ಟೀಮಿನ ಬೂಟುಗಳು, ಸಾಲಾಗಿ. ಕ್ಯಾನ್ವಾಸ್ ಶೂ ಕೊನೇಲಿ.)

ಆಮೇಲೆ ಏನಾಯ್ತು? ಎರಡು ಕಥೆ ಒಟ್ಟಿಗೆ ನಡೀತು.

ಒಂದು, ಮೈಸೂರು ತಂಡದ್ದು. ರಾಜ್ಯಗಳ ಮಧ್ಯೆ ನಡೆಯೋ ಸಂತೋಷ್ ಟ್ರೋಫಿ 1941ರಲ್ಲಿ ಶುರುವಾಯ್ತು. ಸ್ವಾತಂತ್ರ್ಯ ಬರೋ ಮುಂಚಿನ ಸೀಸನ್ನು, 1946-47, ಬೆಂಗಳೂರಲ್ಲೇ ಫೈನಲ್. ಮೈಸೂರು, ಬಂಗಾಳ. ಮೊದಲ ದಿನ 0-0. ಮತ್ತೆ ಆಡಿದ್ರು, 2-1, ಕಪ್ಪು ಮೈಸೂರಿಗೆ. 1952-53ರಲ್ಲಿ ಮತ್ತೆ ಬಂಗಾಳದ ಮೇಲೆ. 1967-68, 1968-69, ಸತತ ಎರಡು ವರ್ಷ, ಎರಡೂ ಸಲ ಬಂಗಾಳದ ಮೇಲೆ. ಮೈಸೂರು ಅನ್ನೋ ಹೆಸರಲ್ಲಿ ಗೆದ್ದ ನಾಲ್ಕೂ ಫೈನಲ್‌ನಲ್ಲಿ ಸೋತಿದ್ದು ಒಂದೇ ತಂಡ, ಭಾರತದ ಫುಟ್‌ಬಾಲಿಗೇ ದೊಡ್ಡಣ್ಣ ಅನ್ನಿಸ್ಕೊಂಡ ತಂಡ.

ಇನ್ನೊಂದು ಕಥೆ ಅಷ್ಟು ಖುಷಿ ಕೊಡಲ್ಲ. ಒಳ್ಳೆ ಆಟಗಾರರು ಒಬ್ಬೊಬ್ರಾಗಿ ಕಲ್ಕತ್ತಾ ರೈಲು ಹತ್ತಿದ್ರು. ಅಹ್ಮದ್ ಖಾನ್ ಬೆಂಗಳೂರಿನವರು. ಧನರಾಜ್ ಬೆಂಗಳೂರಿನವರು. ಇಬ್ರೂ ಈಸ್ಟ್ ಬೆಂಗಾಲ್ ಸೇರಿದ್ರು. ವೆಂಕಟೇಶ್, ಅಪ್ಪಾರಾವ್, ಸಾಲೆ ಜೊತೆ ಸೇರಿ ಐದು ಜನರ ಫಾರ್ವರ್ಡ್ ಸಾಲಿಗೆ ಅಲ್ಲಿಯ ಜನ ಇಟ್ಟ ಹೆಸರು ಪಂಚಪಾಂಡವರು. 1949, 50, 51, ಸತತ ಮೂರು ವರ್ಷ ಶೀಲ್ಡ್ ಗೆದ್ರು. ಪಂಚಪಾಂಡವರಲ್ಲಿ ಇಬ್ರು ನಮ್ಮೋರು, ಹಸ್ತಿನಾವತಿ ಮಾತ್ರ ಬೇರೆಯವ್ರದ್ದು.

1948ರ ಜುಲೈ 31, ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯ, ಫ್ರಾನ್ಸ್ ಎದುರು. ನಮ್ಮ ತಂಡದ ಬಹುತೇಕರು ಬರಿಗಾಲಲ್ಲಿ. ಎರಡು ಪೆನಾಲ್ಟಿ ಸಿಕ್ಕಿತ್ತು, ಎರಡೂ ಹೋಯ್ತು. ಕೊನೇ ನಿಮಿಷದಲ್ಲಿ ಫ್ರಾನ್ಸ್ ಗೋಲು ಹೊಡೆದು 2-1ರಿಂದ ಗೆದ್ದಿತು. ಭಾರತದ ಆ ಒಂದು ಗೋಲು, ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶದ ಮೊಟ್ಟಮೊದಲ ಫುಟ್‌ಬಾಲ್ ಗೋಲು, ಹೊಡೆದಿದ್ದು ಸಾರಂಗಪಾಣಿ ರಾಮನ್. ಬೆಂಗಳೂರಿನವರು. ನಾಲ್ಕು ವರ್ಷದ ನಂತರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ನಮ್ಮನ್ನ 10-1ರಿಂದ ಸೋಲಿಸ್ತು. ಆ ಒಂದು? ಅಹ್ಮದ್ ಖಾನ್.

ಹತ್ತು ಗೋಲು! ನಾವು ತಿಂದಿದ್ದು ಎಂಟೇ. ಸುಮ್ನೆ ಹೇಳ್ದೆ.

ಭಾಗ 7

(ಫೋಟೋ: ಟಿವಿ ಸ್ಕ್ರೀನಿಂದ ತೆಗೆದಿದ್ದು, ಬ್ಲರ್ ಆಗಿದೆ, ಅಡ್ಜಸ್ಟ್ ಮಾಡ್ಕೊಳಿ.)

ಬ್ರಿಟಿಷ್ ಪಡೆ ಹೋದ ಮೇಲೂ ಬೆಂಗಳೂರಲ್ಲಿ ಆಟ ಉಳೀತು. ಹೆಂಗೆ? ಇಲ್ಲಿ ಬಿಕಾಂ ಹುಡುಗನಿಗೆ ಒಂಚೂರು ಮಾತಾಡೋಕೆ ಬಿಡಿ. ಎಚ್‌ಎಎಲ್ 1940, ಐಟಿಐ 1948. ಕಾರ್ಖಾನೆ ಬಂತು, ಕಾರ್ಖಾನೆಗೆ ಫುಟ್‌ಬಾಲ್ ಟೀಮ್ ಬಂತು. ಚೆನ್ನಾಗಿ ಆಡಿದ್ರೆ ಕೆಲಸ, ಕೆಲಸ ಸಿಕ್ರೆ ಸಂಬಳ, ಸಂಬಳ ಇದ್ರೆ ಮನೆಯಲ್ಲಿ "ಬಾಲ್ ಒದ್ದು ಏನ್ ಉದ್ಧಾರ ಆಗ್ತೀಯ" ಅಂತ ಕೇಳಲ್ಲ. ಮದ್ರಾಸ್ ಸ್ಯಾಪರ್ಸ್‌ನ ಎಂಇಜಿ ಅಂತೂ ಹಲಸೂರಲ್ಲೇ ಇತ್ತು. ಮೊದಲು ಮೈದಾನ ಕೊಟ್ಟಿದ್ದು ಸೈನ್ಯ, ಆಮೇಲೆ ಸಂಬಳ ಕೊಟ್ಟಿದ್ದು ಕಾರ್ಖಾನೆ. ಆ ಸಂಬಳದ ದಾರಿ ಕಿರಿದಾದ ಹಾಗೆ ಕಪ್ಪೂ ದೂರ ಆಯ್ತು ಅಂತ ನನ್ನ ಅಂದಾಜು. ಪೂರ್ತಿ ಕಾರಣ ಅದೊಂದೇ ಅಂತ ಹೇಳ್ತಿಲ್ಲ.

1968-69 ಆದ್ಮೇಲೆ ಸಂತೋಷ್ ಟ್ರೋಫಿ ಬರ್ಲೇ ಇಲ್ಲ. ಮೈಸೂರು ಹೋಗಿ ಕರ್ನಾಟಕ ಆಯ್ತು, ಕಪ್ಪು ಬರ್ಲಿಲ್ಲ. ನಡುವೆ 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಸೀಸನ್ನಲ್ಲೇ ಐ-ಲೀಗ್ ಗೆದ್ದು ಕಂಠೀರವ ತುಂಬಿಸ್ತು, ಅದು ನಿಮಗೆಲ್ಲಾ ಗೊತ್ತು, ಛೆಟ್ರಿ ಬಗ್ಗೆ ನಾನೇನ್ ಹೊಸದಾಗಿ ಹೇಳ್ಲಿ. ಆದ್ರೆ ರಾಜ್ಯದ ಹೆಸರಲ್ಲಿ?

2023ರ ಮಾರ್ಚ್ 4. ಸಂತೋಷ್ ಟ್ರೋಫಿ ಫೈನಲ್, ಮೊದಲ ಸಲ ದೇಶದ ಹೊರಗೆ, ಸೌದಿಯ ರಿಯಾದ್‌ನಲ್ಲಿ. ಕರ್ನಾಟಕ, ಮೇಘಾಲಯ. ಎರಡನೇ ನಿಮಿಷಕ್ಕೇ ಸುನಿಲ್ ಕುಮಾರ್ ಗೋಲು. ಮೇಘಾಲಯ ಪೆನಾಲ್ಟಿಯಲ್ಲಿ ಸಮ ಮಾಡ್ತು. ಬೇಕಿ ಓರಾಮ್ ಇನ್ನೊಂದು. ಹಾಫ್ ಟೈಮಿಗೆ ಮುಂಚೆ ರಾಬಿನ್ ಯಾದವ್ ಹೊಡೆದ ಫ್ರೀ ಕಿಕ್ ಇದೆಯಲ್ಲ, ನಾನು ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ. 3-2. ಐವತ್ನಾಲ್ಕು ವರ್ಷ ಆದ್ಮೇಲೆ. ಕೋಚ್ ರವಿ ಬಾಬು ರಾಜು. ಮಾರನೇ ದಿನ ನಮ್ಮ ಕ್ಲಾಸಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು ಅಂತ ಕೇಳಿದ್ದೆ. ಮೂರು ಜನ, ನಾನೂ ಸೇರಿ.

ರೋವರ್ಸ್ ಕಪ್ ಈಗ ನಡೆಯಲ್ಲ. 2000-01ರ ನಂತರ ನಿಂತೇ ಹೋಯ್ತು. ಗೆದ್ದೋರ ಹೆಸರು ಗೊತ್ತಿಲ್ಲದಿರೋದಕ್ಕೆ ಅದೂ ಒಂದು ಕಾರಣ ಇರ್ಬೇಕು.

ಭಾಗ 8

(ಫೋಟೋ: ಅರ್ಜಿಯ ಮೊದಲ ಪುಟ. ಕಾಲೇಜಿನ ಹೆಸರು ಮುಚ್ಚಿದ್ದೀನಿ.)

ಅರ್ಜಿ ಬರೆದೆ. ಮೊದಲ ಡ್ರಾಫ್ಟಲ್ಲಿ 1937 ಎಲ್ಲಾ ತುರುಕಿದ್ದೆ. ಪಿಇ ಸರ್ ಓದಿ ನಕ್ಕು, "ಚೆನ್ನಾಗಿದೆ ಕಣಪ್ಪ, ಆದ್ರೆ ಇದು ಇತಿಹಾಸ. ನಂಗೆ ಎಷ್ಟು ದುಡ್ಡು, ಯಾವ ದಿನ, ಯಾರ್ ಯಾರು, ಅದನ್ನ ಬರಿ" ಅಂದ್ರು. ಸರಿ ಅನ್ನಿಸ್ತು. ವಾಲಿಬಾಲ್ ಟೀಮು ಪ್ರತಿ ವರ್ಷ ಮೆಡಲ್ ತರುತ್ತೆ, ಅವರ ದುಡ್ಡು ಕಿತ್ಕೊಂಡು ನಮಗೆ ಕೊಡಿ ಅಂತ ಕೇಳೋ ಮುಖ ನನಗಿಲ್ಲ.

ಹೊಸ ಅರ್ಜಿಯಲ್ಲಿ ಕೇಳಿರೋದು ಇಷ್ಟೇ. ಎರಡು ಬಾಲು. ಎಂಟ್ರಿ ಫೀಸು. ಹೋಗಿ ಬರೋ ಬಸ್ ಚಾರ್ಜು. ಬೂಟು ನಾವೇ ನೋಡ್ಕೋತೀವಿ. ಶಿರಾ ಹುಡುಗ್ರು ಊರಿನ ಅಂಗಡಿಯಲ್ಲಿ ಕಂತಿನ ಮೇಲೆ ಮಾತಾಡಿದ್ದಾರೆ. ಮತ್ತೆ ಒಂದು ಸಾಲು ಸೇರಿಸ್ದೆ, ಟೂರ್ನಿಗೆ ಮುಂಚೆ ಕನಿಷ್ಠ ಇಪ್ಪತ್ತು ದಿನ ಹದಿನಾಲ್ಕೂ ಜನ ಒಟ್ಟಿಗೆ ಪ್ರಾಕ್ಟೀಸ್ ಮಾಡ್ತೀವಿ ಅಂತ. ಎಲ್ಲರೂ ಸೈನ್ ಹಾಕಿದ್ದಾರೆ. ಹೋದ ವರ್ಷ ಸೋತಿದ್ದು ಆ ಇಪ್ಪತ್ತು ದಿನ ಇಲ್ಲದೆ, ಯಾವ ಕಡೆಯವ್ರು ಅನ್ನೋದ್ರಿಂದಲ್ಲ.

1937 ಪೂರ್ತಿ ತೆಗೀಲಿಲ್ಲ. ಕೊನೆ ಪುಟದ ಕೆಳಗೆ ಒಂದು ಸಾಲಿನಲ್ಲಿ ಬಿಟ್ಟಿದ್ದೀನಿ. ಮೀಟಿಂಗಲ್ಲಿ ಯಾರಾದ್ರೂ "ನಮ್ಮ ಕಡೆ ಆಟ ಅಲ್ಲ" ಅಂದ್ರೆ ಸರ್ ಆ ಪುಟ ತಿರುಗಿಸ್ತಾರಂತೆ.

ಮೀಟಿಂಗ್ ಸೋಮವಾರ. ಅದೇನೇ ಆಗ್ಲಿ, ಪ್ರಾಕ್ಟೀಸ್ ಶನಿವಾರ ಬೆಳಗ್ಗೆ ಆರು ಗಂಟೆಗೆ. ಪಾವಗಡದ ಇಬ್ರಿಗೆ ಅಷ್ಟು ಬೇಗ ಬರೋದು ಕಷ್ಟ ಆದ್ರೆ ಶುಕ್ರವಾರ ಸಂಜೇನೇ ಬಂದ್ಬಿಡಿ, ನಮ್ಮನೇಲಿ ಮಲ್ಕೋಬೋದು, ಅಮ್ಮನಿಗೆ ಹೇಳಿದ್ದೀನಿ. ಮುದ್ದೆ, ಬಸ್ಸಾರು. ಬ್ಯಾಗ್ ಎರಡು ಜಾಸ್ತಿ ತನ್ನಿ, ಗೋಲ್ ಪೋಸ್ಟಿಗೆ ಬೇಕು.